ರಾಜನ ಮೇಜಿಗೆ ರೊಟ್ಟಿ

ಮನುಷ್ಯಕುಲವನ್ನು ಕಾಡಿದ ದೊಡ್ಡ ಪ್ರಶ್ನೆಗಳ ಸಾಲಿನಲ್ಲಿ, ಆತ್ಮ ಇದೆಯೇ, ಸತ್ತ ಮೇಲೆ ಏನು ಎಂಬವುಗಳ ಮಗ್ಗುಲಲ್ಲೇ ಕೂಡಿಸಬೇಕಾದ ಇನ್ನೊಂದು ಪ್ರಶ್ನೆ ಇದೆ: ಜೋಳದ ಖಡಕ್ ರೊಟ್ಟಿ ರಾಜನ ಮೇಜಿಗೆ ಏರುವ ಪದಾರ್ಥವೋ, ಅಲ್ಲವೋ? ಋಷಿಗಳು ಇದನ್ನು ಕೈಗೆತ್ತಿಕೊಳ್ಳಲಿಲ್ಲ. ತತ್ವಜ್ಞಾನಿಗಳಿಗೆ ಹೊಳೆಯಲಿಲ್ಲ. ಕಳೆದ ಚಳಿಗಾಲದಲ್ಲಿ ಅದು ಬನಹಟ್ಟಿಯ ಒಂದು ಹಳೆಯ ಮಗ್ಗದ ಶೆಡ್ಡಿನಲ್ಲಿ ಎದ್ದು, ಜಮಖಂಡಿಗೆ ಹೋಗಿ ಬಂದು, ಮುಧೋಳದವರ ಮಾನ ಕೆಣಕಿ, ಕಡೆಗೆ ಫೋನಿನಲ್ಲಿ ಮುಂಬೈಯ ಒಬ್ಬ ಧರ್ಮಗುರುಗಳ ಕಿವಿ ಮುಟ್ಟಿತು.

ಶೆಡ್ಡು ಗುರುಬಸವ್ವನದು. ಆಕೆಯ ಗಂಡ ಮುರಗೆಪ್ಪ ಅದರಲ್ಲಿ ಪಾವರ್‌ಲೂಮು ಓಡಿಸುತ್ತಿದ್ದ. ಸೀರೆಗೆ ಗಿರಾಕಿ ಕಡಿಮೆಯಾದ ಮೇಲೆ ಮಗ್ಗ ಮಾರಿ, ಮಗ್ಗವಿದ್ದ ಜಾಗದಲ್ಲಿ ಕುರ್ಚಿ ಹಾಕಿಕೊಂಡು ಮಗ್ಗದ ಬಗ್ಗೆ ಮಾತಾಡತೊಡಗಿದ. ಆ ಮಾತು ಕೇಳಲಾರದೆ ಗುರುಬಸವ್ವ ಅಲ್ಲಿ ಗ್ಯಾಸಿನ ಒಲೆಗಳನ್ನು ಹೂಡಿದಳು, ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವ ಕೆಲಸ ಕಳಕೊಂಡಿದ್ದ ಓಣಿಯ ಹೆಂಗಸರನ್ನು ಕೂಡಿಸಿದಳು, ರೊಟ್ಟಿ ಬಡಿಯುವ ಉದ್ಯೋಗ ಶುರುಮಾಡಿದಳು. ಕುರ್ಚಿಯನ್ನು ಮಾತ್ರ ತೆಗೆಸಲು ಆಗಲಿಲ್ಲ.

ಬಹಳ ದಿನ ರೊಟ್ಟಿ ಪುಣೆಯ ಹೋಟೆಲುಗಳಿಗೆ ಹೋಯಿತು. ಆಮೇಲೆ ಅವರು ಮಷೀನಿನ ರೊಟ್ಟಿಗೆ ಒಲಿದರು. ಗುರುಬಸವ್ವನ ಸೊಸೆ ವೈಶಾಲಿ, ಜಮಖಂಡಿಯ ಕಾಲೇಜಿನಲ್ಲಿ ಕಾಮರ್ಸ್ ಓದಿದವಳು, ಫೋನಿನಲ್ಲೇ ಮುಂಬೈಯ ಒಬ್ಬ ವ್ಯಾಪಾರಿಯನ್ನು ಹಿಡಿದಳು. ಗೋಧಿ ಒಗ್ಗದ ಪರದೇಶಿಗಳು ಖಡಕ್ ರೊಟ್ಟಿಯನ್ನು ಮುರಿದು, ಮೇಲೆ ಏನೇನೋ ಸವರಿ ತಿನ್ನುತ್ತಾರಂತೆ. ಆ ವ್ಯಾಪಾರಿಯ ಮಾಲು ಹೋಗುವುದು ಎರಡು ಬಗೆಯ ಅಂಗಡಿಗಳಿಗೆ, ಯಹೂದಿಗಳವು ಮತ್ತು ಮುಸಲ್ಮಾನರವು. ಹಾಗಾಗಿ ಪೊಟ್ಟಣದ ಮೇಲೆ ಎರಡು ಮುದ್ರೆ ಬೇಕು: ಒಂದು ಯಹೂದಿಗಳ ಕೋಶರ್, ಇನ್ನೊಂದು ಮುಸಲ್ಮಾನರ ಹಲಾಲ್. ಎರಡೂ ಸಿಕ್ಕರೆ ಆರ್ಡರು. ಸಿಗದಿದ್ದರೆ ಯುಗಾದಿಗೆ ಶೆಡ್ಡು ಬಂದ್. ಮುರಗೆಪ್ಪ ಆಗಲೇ ಒಬ್ಬ ನೂಲಿನ ವ್ಯಾಪಾರಿಯ ಜೊತೆ ಶೆಡ್ಡನ್ನು ಗೋದಾಮಿಗೆ ಕೊಡುವ ಮಾತು ತೆಗೆದಿದ್ದ. ಗುರುಬಸವ್ವನಿಗೆ ಇದು ಗೊತ್ತಿತ್ತು. ಹೆಂಗಸರಿಗೆ ಗೊತ್ತಾಗದಿರಲಿ ಎಂದು ದಿನವೂ ಹೆಚ್ಚು ಬೈಯುತ್ತಿದ್ದಳು.

ಇಬ್ಬರು ತಪಾಸಣಾಧಿಕಾರಿಗಳನ್ನೂ ವೈಶಾಲಿ ಒಂದೇ ದಿನ ಕರೆಸಿದಳು. "ಒಂದ ಚಹಾದಾಗ ಎರಡೂ ಮುಗೀತಾವ್ರಿ ಅತ್ತಿ," ಎಂದಳು.

ಹಲಾಲ್ ಕಡೆಯಿಂದ ಬಂದವರು ವಿಜಯಪುರದ ದಸ್ತಗೀರ ಜಮಾದಾರ. ಕೈಯಲ್ಲಿ ಉದ್ದನೆಯ ಫಾರ್ಮು.

"ಪ್ರಾಣಿ ಯಾವ್ದವ್ವಾ?"

"ಯಾವ ಪ್ರಾಣಿ?" ಗುರುಬಸವ್ವ ಕೇಳಿದಳು.

"ಇಲ್ಲಿ ಕೊಯ್ಯೂ ಪ್ರಾಣಿ. ಫಾರ್ಮಿನ್ಯಾಗ ಐತಿ, ಅದಕ್ಕ ಕೇಳಾಕತ್ತೇನಿ."

"ಎಪ್ಪಾ, ಈ ಮನ್ಯಾಗ ತತ್ತಿ ಸೈತ ಒಡದಿಲ್ಲೋ! ಲಿಂಗಾ ಕಟಗೊಂಡ ಮಂದಿ ನಾವು."

"ಇಲ್ಲ ಅಂತ ಬರಕೋತೀನಿ. ಕೊಯ್ಯೂಮುಂದ ಯಾರ ಹೆಸರ ಹೇಳ್ತೀರಿ?"

"ಏನ್ ಕೊಯ್ಯೂಮುಂದ?"

"ಅನ್ವಯಿಸುವುದಿಲ್ಲ," ಎಂದು ದಸ್ತಗೀರ ಗಟ್ಟಿಯಾಗಿ ಓದುತ್ತ ಬರೆದುಕೊಂಡರು. ಕೊಬ್ಬು ಇಲ್ಲ. ಶೆರೆ ಇಲ್ಲ. ಹಂದಿಯ ಕೂದಲಿನ ಬ್ರಷ್ ಇಲ್ಲ; ತವೆ ಒರೆಸಲು ಹಳೆಯ ಸೀರೆಯ ಅರಿವೆ ಇತ್ತು. ಚಹಾ ಕುದಿಯುವುದರೊಳಗೆ ಅವರ ಕೆಲಸ ಮುಗಿಯಿತು. ವಿಜಯಪುರದಿಂದ ಇಷ್ಟು ದೂರ ಬಂದವರಿಗೆ ತಡೆಯಲು ಏನೂ ಸಿಗದಿದ್ದದ್ದು ಸ್ವಲ್ಪ ಬೇಸರ ತಂದಿತೆಂದು ಕಾಣುತ್ತದೆ. ಹೋಗಲಿಲ್ಲ. ಮುರಗೆಪ್ಪನ ಮಗ್ಗುಲಲ್ಲಿ ಇನ್ನೊಂದು ಕುರ್ಚಿ ಹಾಕಿಸಿಕೊಂಡು, ಎರಡನೆಯವರ ತಪಾಸಣೆ ನೋಡಲು ಕೂತರು.

ಎರಡನೆಯವರು ಐಸಾಕ ದಿವೇಕರ. ಬೆಳ್ಳನೆಯ ಗಡ್ಡ, ತಲೆಯ ಮೇಲೆ ಅಂಗೈಯಗಲದ ಟೊಪ್ಪಿಗೆ. ಬೆಳಗಾವಿಯ ಬ್ಯಾಂಕೊಂದರಲ್ಲಿ ದುಡಿದು ನಿವೃತ್ತರಾಗಿ, ಮುಂಬೈಯ ಕೋಶರ್ ಸಂಸ್ಥೆಗೆ ಈ ಕಡೆಯ ತಪಾಸಣೆ ಮಾಡಿಕೊಡುತ್ತಿದ್ದವರು.

"ದಿವೇಕರ ಅಂದ್ರ ಕೊಂಕಣದ ಬ್ರಾಹ್ಮಣರೇನ್ರಿ?" ಮುರಗೆಪ್ಪ ವಿಚಾರಿಸಿದ.

"ಕೊಂಕಣದವರ ಹೌದು, ಬ್ರಾಹ್ಮಣರಲ್ರಿ. ಯಹೂದಿ. ನಮ್ಮ ಹಿರೇರು ಗಾಣಾ ನಡಸ್ತಿದ್ರು. ಶನಿವಾರ ಸೂಟಿ ಮಾಡ್ತಿದ್ರು ಅಂತ ಊರ ಮಂದಿ ಶನಿವಾರ ತೇಲಿ ಅಂತಿದ್ರು."

"ಗಾಣಿಗ್ರು! ನಮ್ಮೊಳಗೂ ಅದಾರ್ರಿ. ಹಂಗಾದ್ರ ನಮ್ಮವರ ಅನ್ರಿ," ಎಂದು ಮುರಗೆಪ್ಪ ಮೂರು ಸಾವಿರ ವರ್ಷಗಳ ಇತಿಹಾಸವನ್ನು ಒಂದು ಮಾತಿನಲ್ಲಿ ವಿಲೇವಾರಿ ಮಾಡಿದ. ದಿವೇಕರರು ಚೀಲದಿಂದ ತಮ್ಮದೇ ಲೋಟ ತೆಗೆದು, ಹಾಲಿಲ್ಲದ ಚಹಾ ಕೇಳಿದಾಗ ಅವನ ಗೌರವ ಇನ್ನಷ್ಟು ಹೆಚ್ಚಿತು. ಪರರ ಲೋಟ ಮುಟ್ಟದವರು ದೊಡ್ಡವರೇ ಇರಬೇಕು.

ದಿವೇಕರರು ಹಿಟ್ಟನ್ನು ಬಿಳಿಯ ಬಟ್ಟೆಯ ಮೇಲೆ ಸಾಣಿಸಿದರು. ಎಳ್ಳನ್ನು ಭೂತಗನ್ನಡಿ ಹಿಡಿದು ನೋಡಿದರು.

"ಏನ ಹುಡಕಾಕತ್ತೀರಿ?" ಗುರುಬಸವ್ವ ಸೊಂಟದ ಮೇಲೆ ಕೈ ಇಟ್ಟಳು.

"ಹುಳಾ ರೀ. ನಮ್ಮ ಕಾಯ್ದೆದಾಗ ಒಂದ ಹುಳಾ ತಿಂದ್ರ ಹಂದಿ ತಿಂದದ್ದಕ್ಕಿಂತ ದೊಡ್ಡ ತಪ್ಪ."

"ಬೀಳಗಿ ಕಡೆ ಜೋಳಾ ಅದು. ಬೇವಿನೆಲಿ ಹಾಕಿಟ್ಟದ್ದು. ಅದರಾಗ ಹುಳಾ ಸಿಗಬೇಕಂದ್ರ ನೀವ ತಂದ ಬಿಡಬೇಕ್ರಿ."

ಹುಳ ಸಿಗಲಿಲ್ಲ. "ನಮ್ಮಾಗ ಹಾಲು-ಮಾಂಸ ಬೆರಸಬಾರದ್ರಿ. ನಿಮ್ಮಲ್ಲಿ ಮಾಂಸನ ಇಲ್ಲ, ಅಂದ್ರ ಆ ಪ್ರಶ್ನಿನ ಇಲ್ಲ. ನನ್ನ ಅರ್ಧಾ ಕೆಲಸಾ ನಿಮ್ಮ ಹಿರೇರ ಮಾಡಿಟ್ಟಾರ," ಎಂದು ದಿವೇಕರರು ಹೊಗಳಿದರು.

"ಹಾಲು-ಮಾಂಸದ ತಂಟೆ ನಮ್ಮಾಗಿಲ್ರಿ," ದಸ್ತಗೀರ ಕುರ್ಚಿಯಿಂದಲೇ ಹೇಳಿದರು. "ಹಲಾಲ ಮಾಂಸಾ ಇದ್ರ ಮಸರಿನ್ಯಾಗ ನೆನಸ್ರಿ, ಹಾಲಿನ್ಯಾಗ ಕುದಸ್ರಿ."

"ನಮ್ಮಾಗ ಪಾತ್ರಿನ ಬ್ಯಾರೆ. ಆದ್ರ ದ್ರಾಕ್ಷಿ ಶೆರೆ ನಡೀತೈತಿ, ನಮ್ಮವರ ಕೈಲೆ ಮಾಡಿದ್ದಿದ್ರ."

"ತೌಬಾ! ಶೆರೆ ನಡಿಯಂಗಿಲ್ಲ. ಒಂಟಿ ನಡೀತೈತಿ."

"ಒಂಟಿ ನಮಗ ಬರಂಗಿಲ್ಲ. ಮೆಲುಕ ಹಾಕತೈತಿ ಖರೆ, ಗೊರಸ ಪೂರಾ ಸೀಳಿಲ್ಲ."

"ಕೊಯ್ಯೂದ್ರಾಗ ಮಾತ್ರ ನಾವಿಬ್ರೂ ಬೀಗರಿದ್ದಂಗ. ಗಂಟಲಾ, ಒಂದ ಏಟಿಗೆ, ದೇವರ ಹೆಸರ ಹೇಳಿ, ರಕ್ತಾ ಪೂರಾ..."

"ಸಾಕ ಮಾಡ್ರಿ!" ಗುರುಬಸವ್ವ ಸೆರಗಿನಿಂದ ರೊಟ್ಟಿಯ ಬುಟ್ಟಿ ಮುಚ್ಚಿದಳು. "ರೊಟ್ಟಿ ಮುಂದ ಏನೇನರ ಮಾತಾಡಾಕತ್ತೀರಿ."

ಬನಹಟ್ಟಿಯಲ್ಲಿ ಯಾರಿಗೂ ಒಂಟೆ ತಿನ್ನುವ ಯೋಚನೆ ಇರಲಿಲ್ಲ. ಆದರೂ ಗೊರಸಿನ ವಿಚಾರ ಸಂಜೆಯೊಳಗೆ ಪಕ್ಕದೂರು ಚಿಮ್ಮಡದವರೆಗೆ ಹೋಗಿ, ಅಲ್ಲಿ ಕೆಲವರು ತಮ್ಮ ಎಮ್ಮೆಯ ಕಾಲನ್ನು ಎತ್ತಿ ನೋಡಿದರೆಂದು ಸುದ್ದಿ.

"ಇನ್ನ ಬೆಂಕಿದೊಂದ ಉಳೀತು," ದಿವೇಕರರು ಭೂತಗನ್ನಡಿ ಒರೆಸಿಕೊಂಡರು. "ಬ್ರೆಡ್ ಆಗಿದ್ರ ಕಾಯ್ದೆ ಸಡ್ಲ ಇತ್ರಿ. ಆದ್ರ ಗೋಧಿ, ಜವಿ, ಅಂಥಾ ಐದ ಧಾನ್ಯದ್ದಷ್ಟ ನಮ್ಮಾಗ ರೊಟ್ಟಿ ಅನಸ್ಕೋತೈತಿ. ಜೋಳಾ ಅದರಾಗ ಬರಂಗಿಲ್ಲ. ಅದಕ್ಕ ನಮ್ಮ ಲೆಕ್ಕದಾಗ ಜೋಳದ ರೊಟ್ಟಿ ರೊಟ್ಟಿ ಅಲ್ರಿ."

ಶೆಡ್ಡಿನಲ್ಲಿ ಬಡಿಯುವ ಸಪ್ಪಳ ನಿಂತಿತು. ಹೆಂಗಸರ ಅಂಗೈ ಹಿಟ್ಟಿನ ಮೇಲೆ ನಿಂತಲ್ಲೇ ನಿಂತವು. ಕೃಷ್ಣೆಯ ಈ ದಂಡೆಯಲ್ಲಿ ಅಂಥ ಮಾತನ್ನು ಆಡಿ ಯಾರೂ ಚಹಾ ಕುಡಿದು ಹೋದದ್ದಿಲ್ಲ.

"ರೊಟ್ಟಿ ಅಲ್ಲಂದ್ರ ಮತ್ತ ಏನದು?" ಗುರುಬಸವ್ವನ ದನಿ ತಗ್ಗಿತ್ತು, ಆಕೆಯನ್ನು ಬಲ್ಲವರು ಹಿಂದೆ ಸರಿದರು.

"ಬೇಯಿಸಿದ ಪದಾರ್ಥ."

"ಬೇಯಿಸಿದ ಪದಾರ್ಥ," ಎಂದು ಆಕೆ ತವರಿನಿಂದ ಸಾವಿನ ಸುದ್ದಿ ಬಂದವಳಂತೆ ಮತ್ತೊಮ್ಮೆ ಅಂದಳು.

ದಿವೇಕರರು ಪಾಪ ಒಳ್ಳೆಯವರು, ಬಿಡಿಸಿ ಹೇಳಿದರು. ಬೇರೆಯವರು ಬೇಯಿಸಿದ್ದನ್ನು ಅವರು ತಿನ್ನಬೇಕಾದರೆ, ಬೆಂಕಿಯನ್ನಾದರೂ ಅವರಲ್ಲೊಬ್ಬರು ಹಚ್ಚಿರಬೇಕು. ಬನಹಟ್ಟಿಯಲ್ಲಿ ಯಹೂದಿಗಳು ಇಲ್ಲ. ಆದರೆ ಕಾಯ್ದೆಗೆ ಎರಡು ಕಿಂಡಿಗಳಿವೆ. ಹಸಿಯಾಗಿಯೂ ತಿನ್ನುವ ಪದಾರ್ಥವಾಗಿದ್ದರೆ ಯಾರು ಬೇಯಿಸಿದರೂ ಅಡ್ಡಿಯಿಲ್ಲ. ಅಥವಾ...

ಅಥವಾ ಏನೆಂದು ಮುರಗೆಪ್ಪ ಕೇಳಲಿಲ್ಲ. ಕುರ್ಚಿಯಿಂದ ಎದ್ದ, "ಹಸೀದ ತಿಂತೀವ್ರಿ!" ಎಂದು ಪರಾತದಿಂದ ಒಂದು ಮುಷ್ಟಿ ಜೋಳದ ಹಿಟ್ಟನ್ನು ಬಾಯಿಗೆ ಒಗೆದುಕೊಂಡ. ಮುಂದಿನದು ನೋಡುವಂಥದ್ದಲ್ಲ. ಹಿಟ್ಟು ಮೂಗಿನಿಂದ ಹೊರಬಂತು, ಕಣ್ಣು ಮೇಲಾದವು. ದಸ್ತಗೀರ ಅವನ ಬೆನ್ನಿಗೆ ಗುದ್ದಿದರು, ಯಾರೋ ನೀರಿನ ಚರಿಗೆ ತಂದರು.

"ಹೆಂಗೈತಿ?" ಗುರುಬಸವ್ವ ಕೇಳಿದಳು.

"ಛಲೋ... ಐತಿ," ಎಂದ ಮುರಗೆಪ್ಪ, ಬೆಳ್ಳಗೆ.

"ಇದನ್ನ ರಿಪೋರ್ಟಿನ್ಯಾಗ ಬರಿಯಾಕ ಬರಂಗಿಲ್ರಿ," ದಿವೇಕರರು ವಿಷಾದದಿಂದ ಹೇಳಿದರು. "ಎಲ್ಲಾರೂ ಖುಷಿಲೆ ತಿನ್ನಬೇಕು. ಎರಡನೇದು ಇದಕ್ಕಿಂತ ಹಗೂರ ಐತಿ. ರಾಜನ ಮೇಜಿಗೆ ಏರದ ಪದಾರ್ಥ ಇದ್ರ ಈ ಬೆಂಕಿ ಕಾಯ್ದೆನ ಹತ್ತಂಗಿಲ್ಲ. ಇದು ಸಾದಾ ಮಂದಿ ಊಟ, ದೊಡ್ಡವರ ಪಂಕ್ತಿಗೆ ಯೋಗ್ಯ ಅಲ್ಲ ಅಂತ ಮಾಲಕರು ಒಂದ ಸಾಲ ಬರದ ಸಹಿ ಮಾಡಿದ್ರ ಮುಗೀತು."

"ಮಾಡ್ತಾರ್ರಿ!" ವೈಶಾಲಿ ಪೆನ್ನು ತೆಗೆದೇಬಿಟ್ಟಳು. "ಬಡವರ ಊಟಾನ ಅಲ್ಲೇನ್ರಿ ಇದು."

"ಯಾರ ಹೇಳಿದ್ರು?" ಎಂದಳು ಗುರುಬಸವ್ವ.

ಆ ದಿನ ಸಹಿ ಆಗಲಿಲ್ಲ. ದಸ್ತಗೀರ ಹೊರಡುವಾಗ, "ನಮ್ಮಾಗ ಈ ರಗಳಿ ಇಲ್ನೋಡ್ರಿ. ರಾಜಾ ತಿನ್ಲಿ, ಫಕೀರ ತಿನ್ಲಿ. ಬೆಂಕಿ ಯಾರ ಹಚ್ಚಿದ್ರೂ ಬೆಂಕಿನ," ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಹೋದರು.

ಮನೆಯಲ್ಲಿ ಅತ್ತೆ-ಸೊಸೆಗೆ ಜಗಳ ಹತ್ತಿತು.

"ಅತ್ತಿ, ಒಂದ ಸಾಲ. ಆ ಪರದೇಶದ ಮಂದಿ ಅದನ್ನ ಓದೂದೂ ಇಲ್ಲ."

"ಯೋಗ್ಯ ಅಲ್ಲ ಅಂತ ನಾ ಬರದ ಕೊಡ್ಲಿ? ನಿಮ್ಮಪ್ಪ ಹೆಣ್ಣ ಕೊಡಾಕ ಬಂದಾಗ ನನ್ನ ಮಗಾ ಯೋಗ್ಯ ಅಲ್ಲಂತ ನಾ ಬರದ ಕೊಟ್ಟಿದ್ನೇನ? ಖರೆ ಇದ್ರೂ ಕೊಡಲಿಲ್ಲ."

"ಶೆಡ್ಡ ಬಂದ್ ಆಗತೈತ್ರಿ."

"ಬಂದ್ ಆಗ್ಲಿ. ನಮ್ಮವ್ವ ಈ ರೊಟ್ಟಿ ಮ್ಯಾಲ ಎಂಟ ಮಕ್ಕಳ್ನ ಬೆಳಸ್ಯಾಳ. ಅದರ ಮ್ಯಾಲ ಕುಂದ ಬರದ, ಅದನ್ನ ಮಾರಿ, ನಾ ಉಣ್ಲಿ?"

ವೈಶಾಲಿ ಕಾಮರ್ಸ್ ಓದಿದವಳು. ಎದುರಿನಿಂದ ಆಗದ್ದನ್ನು ಬಗಲಿನಿಂದ ಮಾಡಬೇಕೆಂದು ಗೊತ್ತಿತ್ತು. "ಯೋಗ್ಯ, ಅಯೋಗ್ಯ ಬಿಡ್ರಿ. ರಾಜರು ಖರೇನ ತಿಂತಿದ್ರೋ ಇಲ್ಲೋ ಅಂತ ಕೇಳೂಣು. ಜಮಖಂಡಿ ಅರಮನಿದಾಗ ತಿಂದಿಲ್ಲಂದ್ರ, ತಿಂದಿಲ್ಲ ಅಂತಷ್ಟ ಬರೀರಿ. ಅದು ಕುಂದಲ್ಲ, ಇತಿಹಾಸ."

ಗುರುಬಸವ್ವ ಬಹಳ ಹೊತ್ತು ಅಡಿಕೆ ಅಗಿದಳು. "ತಿಂದಿಲ್ಲಂದ್ರ ಸಹಿ ಮಾಡ್ತೀನಿ," ಎಂದಳು.

ಸಾಕ್ಷಿ ಹುಡುಕುವ ಸುದ್ದಿ ಹೊರಬಿದ್ದದ್ದೇ ವೈಶಾಲಿಗೆ ಮುಳುವಾಯಿತು. ಅಭಿಮಾನ ಇದ್ದವರೆಲ್ಲ ಪುಕ್ಕಟೆ ಸಹಾಯಕ್ಕೆ ಬಂದರು, ಮತ್ತು ಪ್ರತಿಯೊಬ್ಬರ ಸಹಾಯವೂ ಆರ್ಡರಿನ ಕತ್ತು ಹಿಚುಕುವಂಥದ್ದು. ಜಮಖಂಡಿ ಕೋರ್ಟಿನ ವಕೀಲ ವೀರೇಶ, ರಾಜರು ಮೂರು ಹೊತ್ತೂ ರೊಟ್ಟಿಯನ್ನೇ ತಿನ್ನುತ್ತಿದ್ದರೆಂದು ಅಫಿಡವಿಟ್ ಮಾಡಿಕೊಡಲು ಸಿದ್ಧನಾದ. ಅವನು ಹುಟ್ಟುವ ಹೊತ್ತಿಗೆ ಸಂಸ್ಥಾನ ಮುಗಿದು ತಲೆಮಾರು ಕಳೆದಿತ್ತು. ಮುಧೋಳದಿಂದ ಫೋನು ಬಂತು: ಜಮಖಂಡಿ ರಾಜರು ತಿಂದಿರಲಿಕ್ಕಿಲ್ಲ, ಅವರು ಅನ್ನದ ಮಂದಿ, ಆದರೆ ನಮಗೂ ರಾಜರಿದ್ದರು, ನಮ್ಮವರು ಕುದುರೆಯ ಮೇಲೆ ಕೂತೇ ತಿನ್ನುತ್ತಿದ್ದರು, ಬೇಕಾದರೆ ನಮ್ಮ ಬೇಟೆನಾಯಿಯ ಆಣೆ. ವೈಶಾಲಿ ಫೋನು ಬಂದ್ ಮಾಡಿ ಇಟ್ಟಳು.

ಅವಳ ಭರವಸೆಯೆಲ್ಲ ವತ್ಸಲಾಬಾಯಿಯ ಮೇಲಿತ್ತು. ಜಮಖಂಡಿಯ ಹಳೆಯ ಓಣಿಯಲ್ಲಿದ್ದ, ತೊಂಬತ್ತರ ಹತ್ತಿರದ ಈ ಮುದುಕಿಯ ತಂದೆ ಅರಮನೆಯ ಅಡುಗೆಮನೆಯ ಮುಖ್ಯಸ್ಥರಾಗಿದ್ದವರು. ಮರಾಠಿ ಬ್ರಾಹ್ಮಣರ ಅಡುಗೆ, ಗೋಧಿಯ ಪೋಳಿ, ಅನ್ನ, ಬೇಳೆಯ ವರಣ. ಅದರಲ್ಲಿ ಜೋಳಕ್ಕೆ ಎಲ್ಲಿ ಜಾಗ? ವೈಶಾಲಿಯ ಲೆಕ್ಕ ಸರಿಯಾಗಿಯೇ ಇತ್ತು.

ದಿವೇಕರರನ್ನೂ ಕರೆದುಕೊಂಡು ಹೋದರು. ವತ್ಸಲಾಬಾಯಿ ಮಡಿಯಲ್ಲಿದ್ದರು. "ದೂರ ಕೂಡ್ರಿ, ಮುಟ್ಟಬ್ಯಾಡ್ರಿ," ಎಂದು ನೀರು ಕೊಡಿಸಿದರು. ದಿವೇಕರರು ಕೈಮುಗಿದು, ಪರರ ಮನೆಯ ಪಾತ್ರೆಯಲ್ಲಿ ತಾವು ಕುಡಿಯುವುದಿಲ್ಲ ಎಂದರು.

ಮುದುಕಿಯ ಮುಖ ಅರಳಿತು. "ನಾನೂ ಹೊರಗ ಹನಿ ನೀರ ತಗೊಳ್ಳೂದಿಲ್ಲ! ಹಾಲಿನ ಪಾತ್ರಿ ಬ್ಯಾರೆ ಇಡ್ತೀರೇನು?"

"ಬ್ಯಾರೆ. ಒರಸೂ ಅರಬಿನೂ ಬ್ಯಾರೆ."

"ಅಗ ಬಾಈ! ಈ ಕಾಲದಾಗ ಇಂಥವರು ಅದಾರಲ್ಲ." ಒಬ್ಬರ ಮನೆಯಲ್ಲಿ ಇನ್ನೊಬ್ಬರು ಎಂದೂ ಊಟ ಮಾಡಲಾರದ ಇಬ್ಬರು ಮನುಷ್ಯರು ಇಷ್ಟು ಬೇಗ ಆಪ್ತರಾದದ್ದನ್ನು ವೈಶಾಲಿ ಮೊದಲ ಸಲ ನೋಡಿದಳು.

ಪ್ರಶ್ನೆ ಕೇಳಲಾಯಿತು. ರಾಜರ ಮೇಜಿನ ಮೇಲೆ ಜೋಳದ ರೊಟ್ಟಿ ಬರುತ್ತಿತ್ತೇ?

"ಮೇಜಿನ ಮ್ಯಾಲ? ಛೀ, ಛೀ. ರೊಟ್ಟಿ ಊಟದಮನಿ ಹೊಸ್ತಿಲಾ ಸೈತ ದಾಟಿಲ್ಲ."

ವೈಶಾಲಿ ಕಾಗದ ಚಾಚಿದಳು. ಗುರುಬಸವ್ವ ತಲೆ ತಗ್ಗಿಸಿ, ಮಾತು ಕೊಟ್ಟಿದ್ದರಿಂದ ಪೆನ್ನು ಹಿಡಿದಳು.

"ಅದಕ್ಕ ಸರಕಾರ್ ಮಹಾರಾಜರು ತಾವ ಬರ್ತಿದ್ರು ಅಡಗಿಮನಿಗೆ," ಎಂದರು ವತ್ಸಲಾಬಾಯಿ.

"ಏನ್ರಿ?"

"ಮೇಜಿನ ಮ್ಯಾಲ ನೆಪಕ್ಕ ಎರಡ ತುತ್ತ ಉಂಡು, ಊಟಕ್ಕ ಬಂದ ಪಾವಣ್ಯಾರು ಹ್ವಾದಮ್ಯಾಲ ಹಿತ್ತಲ ಬಾಗಲದಿಂದ ಬರ್ತಿದ್ರಂತ. ನಮ್ಮ ಬಾಬಾ ಹೇಳ್ತಿದ್ದರು. ಕೆಲಸದಾಕಿ ತನಗಂತ ಬಡದ ರೊಟ್ಟಿ, ಒಲಿ ಮುಂದ ಮಣಿ ಹಾಕ್ಕೊಂಡು, ಬಿಸಿದು, ಎಣ್ಣಿ ಖಾರಾ ಹಚ್ಕೊಂಡು..."

ಯಾವ ರಾಜರು ಎಂದು ದಿವೇಕರರು ಕೇಳಿದರು. ದೊಡ್ಡವರ ಹೆಸರು ತೆಗೆದುಕೊಳ್ಳಬಾರದು ಎಂದು ವತ್ಸಲಾಬಾಯಿ ಬಾಯಿ ಮುಚ್ಚಿದರು. ಹಾಗಾಗಿ ಇತಿಹಾಸಕ್ಕೆ ಇದರಿಂದ ಏನೂ ಉಪಯೋಗವಾಗಲಿಲ್ಲ. ಆದರೆ ಗುರುಬಸವ್ವನ ಕೈಯಲ್ಲಿದ್ದ ಪೆನ್ನು ಕೆಳಗಿಳಿಯಿತು.

ವೈಶಾಲಿ ಕೊನೆಯ ಹಟ ಹಿಡಿದಳು. "ಕಾಯ್ದೆದಾಗ ಮೇಜು ಅಂತ ಐತ್ರಿ. ಮೇಜಿಗಂತೂ ಏರಲಿಲ್ಲ. ರಾಜರ ಇಳದ ಬಂದ್ರ ರೊಟ್ಟಿ ಏನ್ ಮಾಡಬೇಕು?"

ಇದು ದಿವೇಕರರಿಗೂ ಹೊಸತು. ಅಂಗಳಕ್ಕೆ ಬಂದು ಮುಂಬೈಗೆ ಫೋನು ಹಚ್ಚಿದರು. ಆ ಕಡೆ ಧರ್ಮಗುರುಗಳು ಎರಡು ಸಲ ಕೇಳಿಸಿಕೊಂಡು, ಬಹಳ ಸಂತೋಷಪಟ್ಟು, ಯೋಚಿಸಿ, ತಿರುಗಿ ತಾವೇ ಫೋನು ಮಾಡಿದರು. ದಿವೇಕರರು ತೀರ್ಪನ್ನು ಕನ್ನಡಕ್ಕೆ ತಿರುಗಿಸಿ ಹೇಳಿದರು: ಯಾವುದು ಮೇಜಿಗೇರುತ್ತದೋ ಅದು ರಾಜಯೋಗ್ಯ. ಯಾವುದಕ್ಕಾಗಿ ರಾಜನೇ ಮೇಜು ಬಿಟ್ಟು ಇಳಿಯುತ್ತಾನೋ ಅದು ಮೇಜಿಗಿಂತಲೂ ಮೇಲಿನದು. ಕಿಂಡಿ ಮುಚ್ಚಿತು.

ಬನಹಟ್ಟಿಗೆ ಮರಳುವ ಬಸ್ಸಿನಲ್ಲಿ ಗುರುಬಸವ್ವ ಗೊತ್ತಿದ್ದವರಿಗೆ, ಗೊತ್ತಿಲ್ಲದವರಿಗೆ, ಕಂಡಕ್ಟರನಿಗೆ ಈ ತೀರ್ಪನ್ನು ಹೇಳಿದಳು. ವೈಶಾಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತಳು.

ಆ ಅಳುವಿಗೆ ದಿವೇಕರರು ಕರಗಿದರು. ಉಳಿದದ್ದು ಒಂದೇ ದಾರಿ: ಬೆಂಕಿಯನ್ನು ಅವರೇ ಹಚ್ಚುವುದು. ಬೆಳಗಾವಿಯಿಂದ ದಿನವೂ ಬರಲಾಗದು. ಆದರೆ ಒಮ್ಮೆ ಹಚ್ಚಿದ ದೀಪ ಆರದಿದ್ದರೆ, ಅದರಿಂದಲೇ ದಿನವೂ ಒಲೆ ಹೊತ್ತಿಸಿದರೆ, ಕಾಯ್ದೆ ಒಪ್ಪುತ್ತದೆ. ಶೆಡ್ಡಿನ ಮೂಲೆಯಲ್ಲಿ ಗಾಜಿನ ಪೆಟ್ಟಿಗೆ ಇಟ್ಟು, ಕುಸುಬೆ ಎಣ್ಣೆಯ ದೀಪಕ್ಕೆ ದಿವೇಕರರು ಕಡ್ಡಿ ಗೀರಿದರು. "ಇದು ಆರಬಾರದು. ಇದರಿಂದನ ಒಲಿ ಹಚ್ಚಬೇಕು. ಪ್ರತಿ ತಿಂಗಳ ಬಂದ ನೋಡ್ತೀನಿ," ಎಂದು ಹೇಳಿ ಬಸ್ಸು ಹತ್ತಿದರು.

ಅವರು ಹೇಳದೆ ಬಿಟ್ಟದ್ದು ಒಂದೇ ಮಾತು. ಅದನ್ನು ಹೇಳಬೇಕೆಂದು ಬೆಳಗಾವಿಯವರಿಗೆ ಹೇಗೆ ಹೊಳೆಯಬೇಕು? ಗಡ್ಡದ ಹಿರಿಯರೊಬ್ಬರು ದೂರದೂರಿನಿಂದ ಬಂದು, ಕೈಯಾರೆ ಹಚ್ಚಿ, ಆರಬಾರದೆಂದು ಕಟ್ಟಪ್ಪಣೆ ಮಾಡಿದ ಕುಸುಬೆ ಎಣ್ಣೆಯ ದೀಪವನ್ನು ಬನಹಟ್ಟಿಯ ಹೆಂಗಸರು ಏನೆಂದು ತಿಳಿಯಬೇಕು?

ತಿಂಗಳ ಮೇಲೆ, ಮೊದಲ ಮಾಲಿನ ತಪಾಸಣೆಗೆ ದಿವೇಕರರೂ ದಸ್ತಗೀರರೂ ಕೂಡಿಯೇ ಬಂದರು. ಗಾಜಿನ ಪೆಟ್ಟಿಗೆಗೆ ಮೂರೆಳೆಯ ವಿಭೂತಿ ಇತ್ತು. ಸುತ್ತ ಚೆಂಡುಹೂವು. ಮುಂದೆ ಒಡೆದ ತೆಂಗಿನಕಾಯಿ. ಅದರ ಮುಂದೆ, ಬಾಳೆಲೆಯ ಮೇಲೆ, ಆ ದಿನದ ಮೊದಲ ರೊಟ್ಟಿ.

"ಇದೇನು?" ದಿವೇಕರರು ಕೇಳಿದರು.

"ಎಡೀ ರೀ," ಗುರುಬಸವ್ವ ಹೆಮ್ಮೆಯಿಂದ ಹೇಳಿದಳು. "ನೀವು ಹಚ್ಚಿದ ನಂದಾದೀಪ, ಒಂದ ದಿನಾ ಉಪಾಸ ಇಟ್ಟಿಲ್ಲ. ಆ ರೊಟ್ಟಿ ಮುರದು ಎಲ್ಲಾ ಡಬ್ಬಿಗೂ ಒಂದೊಂದ ಚೂರ ಹಾಕೇವಿ. ಪರದೇಶದವರಿಗೂ ಪ್ರಸಾದ ಮುಟ್ಲಿ."

ಒಂಟೆಯಲ್ಲಿ ಕೂಡದ, ಶೆರೆಯಲ್ಲಿ ಕೂಡದ, ಹಾಲಿನಲ್ಲಿ ಕೂಡದ ಇಬ್ಬರೂ ಒಂದೇ ಉಸಿರಿನಲ್ಲಿ, "ಇದು ನಡಿಯಂಗಿಲ್ಲ!" ಎಂದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದಸ್ತಗೀರರಿಗೆ ಕಡೆಗೂ ತಡೆಯಲು ಒಂದು ಸಂಗತಿ ಸಿಕ್ಕಿತ್ತು. ಅವರ ಕಣ್ಣಲ್ಲಿ ಕೃತಜ್ಞತೆ ಇತ್ತು.

"ದೇವರಿಗೆ ಇಟ್ಟದ್ದ ನಮಗ ಹರಾಮ್ರಿ."

"ನಮಗೂ. ಅಂಥಾ ಬೆಂಕಿಲೆ ಬೇಯಿಸಿದ್ದೂ ಬರಂಗಿಲ್ಲ."

"ಪೂಜಿ ಬಿಡ್ಸಿಬಿಡ್ತೀವ್ರಿ," ವೈಶಾಲಿ ಅವಸರದಿಂದ ಹೇಳಿದಳು.

ಹೆಂಗಸರು ಕೈ ಕಟ್ಟಿ ನಿಂತರು. ಪೂಜೆ ಮಾಡದ ಬೆಂಕಿಯಲ್ಲಿ ರೊಟ್ಟಿ ಬಡಿಯುವುದಿಲ್ಲ ಎಂದು ಅವರಲ್ಲಿ ಹಿರಿಯಳಾದ ಸಾವಿತ್ರೆವ್ವ ಹೇಳಿದಳು. "ಬಿಡಬೇಕಂದ್ರೂ ಕೈ ಕೇಳೂದಿಲ್ರಿ. ಮುಂಜಾನೆ ಎದ್ದ ಕೂಡ್ಲೆ ಕುಂಕಮಕ್ಕ ತಾನ ಹೋಗತೈತಿ."

"ದೀಪಾ ಅಂತ ಅನ್ನೂದ ಬ್ಯಾಡ, ಮಷೀನ್ ಅನ್ರಿ," ದಸ್ತಗೀರ ಸಲಹೆ ಕೊಟ್ಟರು.

"ಮಷೀನಿಗೂ ಪೂಜಿ ಮಾಡ್ತೀವಿ," ಎಂದ ಮುರಗೆಪ್ಪ. "ಮಗ್ಗ ಮಾರೂ ದಿನಾನೂ ಕಾಯಿ ಒಡದೇನಿ."

ಹಾಗಾದರೆ ಬನಹಟ್ಟಿಯಲ್ಲಿ ಪೂಜೆ ಮಾಡದ ವಸ್ತು ಯಾವುದು? ಕುರ್ಚಿಗಳನ್ನು ಸುತ್ತ ಹಾಕಿಕೊಂಡು ಎಲ್ಲರೂ ಪ್ರಾಮಾಣಿಕವಾಗಿ ಯೋಚಿಸಿದರು. ಮೋಟಾರ್ ಸೈಕಲ್ಲು? ದಸರೆಗೆ ಆಗುತ್ತದೆ. ತಕ್ಕಡಿ? ಆಗುತ್ತದೆ. ಕಸಬರಿಗೆ? ದೀಪಾವಳಿಗೆ. ಬೋರಿನ ಮೋಟರು, ಗ್ಯಾಸಿನ ಸಿಲಿಂಡರು, ಆಟೋದ ಮೀಟರು? "ಮೀಟರ ಚಾಲೂ ಇಲ್ಲ, ಪೂಜಿ ಐತಿ," ಎಂದಳು ಸಾವಿತ್ರೆವ್ವ. ಮಧ್ಯಾಹ್ನವಾಯಿತು. ಒಂದೂ ಸಿಗಲಿಲ್ಲ. ದಿವೇಕರರು ಚೀಲಕ್ಕೆ ಲೋಟ ಹಾಕಿಕೊಂಡರು. "ತಿರುಗಿ ಆ ಒಂದ ಸಾಲಿಗೇ ಬಂತ್ರಿ," ಎಂದು ಕಾಗದ ತೆಗೆದು ಗುರುಬಸವ್ವನ ಮುಂದೆ ಇಟ್ಟರು. ಅದನ್ನೂ ಮುಂಬೈಯವರು ಈಗ ಒಪ್ಪುವ ಹಾಗಿರಲಿಲ್ಲ, ಬರೆದು ಕೇಳಿ ನೋಡಬಹುದಷ್ಟೇ.

ಗುರುಬಸವ್ವ ಕಾಗದ ನೋಡಲಿಲ್ಲ. ದೀಪ ನೋಡಿದಳು, ಹೆಂಗಸರನ್ನು ನೋಡಿದಳು.

"ಸಾವಿತ್ರೆವ್ವ, ನೀ ಬ್ಯಾರೆಯವರ ಮನಿಗೆ ರೊಟ್ಟಿ ಬಡ್ಯಾಕ ಕೈಗೂಡಸಾಕ ಹೋಗಿರ್ತಿ. ಅವರ ಒಲಿಗೆ ಕುಂಕಮಾ ಹಚ್ತೀಯೇನ?"

"ಅಯ್ಯ! ಪರರ ಒಲಿಗೆ ನಾ ಯಾಕ ಹಚ್ಲಿ? ಆ ಮನಿ ಹೆಣ್ಮಗಳ ಸುಮ್ನಿರ್ತಾಳೇನ? ಜಗಳಾನ ಆಗತೈತಿ."

"ದಿವೇಕರ್ರ, ನಿಮ್ಮ ಮನಿಯವರ ಹೆಸರೇನ್ರಿ?"

"ಎಸ್ತರ್," ಎಂದರು ದಿವೇಕರರು, ಕಕ್ಕಾಬಿಕ್ಕಿಯಾಗಿ.

"ಈ ದೀಪಾ, ಈ ಒಲಿಗೋಳು ಇವತ್ತಿಂದ ಎಸ್ತರಬಾಯಾರ್ವು. ನಾವು ಅವರ ಮನ್ಯಾಗ ರೊಟ್ಟಿ ಬಡ್ಯಾಕ ಬಂದವರು. ಅವರ ಒಲಿ ಪೂಜಿ ಅವರ ನೋಡ್ಕೋತಾರ. ಕುಂಕಮಾ ಹಿಡದ ಕೈ ಒಳಗ ಬಂದ್ರ ಕಡೀತೀನಿ."

ಹೆಂಗಸರು ಒಪ್ಪಿದರು. ಅದರಲ್ಲಿ ಅವರಿಗೆ ಒಪ್ಪದಂಥದ್ದೇನೂ ಕಾಣಲಿಲ್ಲ. "ಆಕಿ ಏನರ ಪೂಜಿ ಮಾಡ್ತಾಳೋ ಇಲ್ಲೋ?" ಎಂದು ಸಾವಿತ್ರೆವ್ವ ಮಾತ್ರ ಕೇಳಿದಳು.

"ಶುಕ್ರವಾರ ಸಂಜಿಗೆ ಮನ್ಯಾಗ ದೀಪಾ ಹಚ್ಚಿ ಕಣ್ಣ ಮುಚ್ಕೋತಾಳ್ರಿ."

"ಹಂಗಾದ್ರ ಛಲೋ ಹೆಣ್ಮಗಳು," ಎಂದಳು ಸಾವಿತ್ರೆವ್ವ.

ದಿವೇಕರರು ಹಳೆಯ ದೀಪ ಆರಿಸಿದರು, ಶುದ್ಧಿಗೆಂದು ತವೆಗಳನ್ನು ಕೆಂಪಗೆ ಕಾಸಿದರು, ಹೊಸ ದೀಪ ಹಚ್ಚಿದರು. ಪ್ರಸಾದದ ಡಬ್ಬಿಗಳನ್ನು ಓಣಿಯವರು ತಿಂದು ಮುಗಿಸಿದರು. ಎರಡೂ ಮುದ್ರೆಗಳು ಬಂದವು. ಒಂದರಲ್ಲಿ ಪ್ರಾಣಿವಧೆ ಅನ್ವಯಿಸುವುದಿಲ್ಲ ಎಂದಿದೆ; ಇನ್ನೊಂದರಲ್ಲಿ ರೊಟ್ಟಿಯನ್ನು ಬೇಯಿಸಿದ ಪದಾರ್ಥವೆಂದು ನಮೂದಿಸಲಾಗಿದೆ. ಮಾಲು ಈಗ ಮುಂಬೈಗೆ ಹೋಗುತ್ತದೆ. ಬನಹಟ್ಟಿಯ ಒಲೆಗಳು ಬೆಳಗಾವಿಯ ಎಸ್ತರಬಾಯಿಯವರವು, ಅವರು ಅವನ್ನು ಇನ್ನೂ ನೋಡಿಲ್ಲ.